ಶುಗರ್ ಇದೆ, ಸರಿ, ಯಾವ ಬಗೆಯದು?

ಲ್ಯಾಬ್ ವರದಿಯಲ್ಲಿ ಸಕ್ಕರೆಯ ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಿ ಬಂದರೆ ಶುಗರ್ ಬಂದಿದೆ ಎಂದು ತಿಳಿಯಲು ಡಾಕ್ಟರೇ ಬೇಕಿಲ್ಲ. ಎಂಟು ಗಂಟೆ ಏನೂ ತಿನ್ನದೆ ಕೊಟ್ಟ ರಕ್ತದಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಶೇ 6.5. ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಮಧುಮೇಹವೆಂದೇ ಲೆಕ್ಕ. ಯಾವ ಲಕ್ಷಣವೂ ಇಲ್ಲದವರಲ್ಲಿ ಇನ್ನೊಂದು ಪರೀಕ್ಷೆಯೂ ಅದನ್ನೇ ಹೇಳಬೇಕು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿತ ಇದ್ದು, ಯಾವ ಹೊತ್ತಿನಲ್ಲಿ ನೋಡಿದರೂ 200 ದಾಟಿದ್ದರೆ ಅದೊಂದೇ ಸಾಕು.

ಈ ಅಂಕಿಗಳಲ್ಲಿ ಒಂದೂ ಹೇಳದ ಸಂಗತಿಯೊಂದಿದೆ: ಇದು ಯಾವ ಬಗೆಯ ಮಧುಮೇಹ? ಒಂಬತ್ತು ವರ್ಷದ ಹುಡುಗಿಯ ವರದಿಯಲ್ಲೂ 280 ಇರಬಹುದು, ಐವತ್ತೈದರ ಅಂಗಡಿ ಯಜಮಾನರ ವರದಿಯಲ್ಲೂ 280 ಇರಬಹುದು. ಹುಡುಗಿಗೆ ಅಂದೇ ಇನ್ಸುಲಿನ್ ಬೇಕು, ತಡಮಾಡಿದರೆ ಜೀವಕ್ಕೇ ಅಪಾಯ. ಯಜಮಾನರು ಮಾತ್ರೆ, ಊಟದ ಹಿಡಿತ, ನಡಿಗೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿರಬಲ್ಲರು.

ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಲೆಕ್ಕದಂತೆ ದೇಶದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಇವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯದು ಟೈಪ್ 2. ಹಾಗಾಗಿ ವೈದ್ಯರು ಹೆಚ್ಚೇನೂ ಯೋಚಿಸದೆ ‘ಟೈಪ್ 2’ ಎಂದು ಬರೆದರೂ ಬಹುಪಾಲು ಸರಿಯೇ ಆಗುತ್ತದೆ. ಪೇಚು ಇರುವುದು ಉಳಿದವರಲ್ಲಿ. ಅವರನ್ನು ಗುರುತಿಸುವುದು ಹೇಗೆ, ‘ಯಾವ ಬಗೆ?’ ಎಂದು ಯಾರು ಕೇಳಲೇಬೇಕು ಎಂಬುದು ಈ ಲೇಖನದ ವಿಷಯ.

ಇನ್ಸುಲಿನ್ ಚುಚ್ಚಿಕೊಂಡವರೆಲ್ಲ ಟೈಪ್ 1 ಅಲ್ಲ

ಮಧುಮೇಹ ಒಂದೇ ಕಾಯಿಲೆಯಲ್ಲ ಎಂಬ ಗುಮಾನಿ ಹಳೆಯದು. ಹುಟ್ಟಿನಿಂದ ಬರುವ ಪ್ರಮೇಹ ಮತ್ತು ಅಪಥ್ಯದಿಂದ ಬರುವ ಪ್ರಮೇಹ ಎಂದು ಸುಶ್ರುತ ಸಂಹಿತೆ ಎರಡು ಬಗೆ ಮಾಡುತ್ತದೆ. ಮೊದಲನೆಯ ರೋಗಿ ಕೃಶ, ಎರಡನೆಯವನು ಸ್ಥೂಲ ಎನ್ನುತ್ತದೆ. 1936ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಮತ್ತು ಇನ್ಸುಲಿನ್ ಒಟ್ಟಿಗೆ ಕೊಟ್ಟು ನೋಡಿದರು. ಕೆಲವರ ದೇಹ ಇನ್ಸುಲಿನ್ನಿನ ಮಾತು ಕೇಳಿತು, ಕೆಲವರದು ಕೇಳಲಿಲ್ಲ. ಆಮೇಲೆ ಬಹಳ ವರ್ಷ ‘ಇನ್ಸುಲಿನ್ ಅವಲಂಬಿತ’, ‘ಅವಲಂಬಿತವಲ್ಲದ’ ಎಂಬ ಹೆಸರುಗಳು ನಡೆದವು. ಚಿಕಿತ್ಸೆ ನೋಡಿ ಹೆಸರಿಟ್ಟರೆ ಗೊಂದಲವಾಗುತ್ತದೆ ಎಂದು 1997ರಲ್ಲಿ ಅಮೆರಿಕದ ಮಧುಮೇಹ ತಜ್ಞರು ಅವನ್ನು ಕೈಬಿಟ್ಟು, ಕಾರಣ ನೋಡಿ ಬಗೆ ಹೇಳುವ ರೂಢಿ ತಂದರು.

ಟೈಪ್ 1ರಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಮೇಲೆ ತಿರುಗಿಬಿದ್ದು ಅವನ್ನು ನಾಶ ಮಾಡುತ್ತದೆ. ಇನ್ಸುಲಿನ್ ತಯಾರಿಯೇ ನಿಲ್ಲುತ್ತದೆ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ವರ್ಷ ಕಳೆದಂತೆ ತಯಾರಿಯೂ ಕುಗ್ಗುತ್ತದೆ. ಹತ್ತು ಹದಿನೈದು ವರ್ಷದ ಟೈಪ್ 2 ರೋಗಿಗೆ ಇನ್ಸುಲಿನ್ ಶುರುವಾಯಿತೆಂದರೆ ಅದು ಟೈಪ್ 1ಕ್ಕೆ ‘ಬದಲಾಯಿತು’ ಎಂದರ್ಥವಲ್ಲ. ಒಂದು ಬಗೆ ಇನ್ನೊಂದಾಗುವುದಿಲ್ಲ; ಮೊದಲು ಬರೆದ ಬಗೆ ತಪ್ಪಿರಬಹುದು, ಅಷ್ಟೇ.

ಸೂಜಿಗಿಂತ ಮೊದಲು ಪ್ರಶ್ನೆ

ಬಗೆ ಹಿಡಿಯುವ ಕೆಲಸ ಶುರುವಾಗುವುದು ಲ್ಯಾಬಿನಲ್ಲಲ್ಲ, ಡಾಕ್ಟರ ಎದುರಿನ ಕುರ್ಚಿಯಲ್ಲಿ. ಅನುಭವಿ ವೈದ್ಯರು ಕೇಳುವ ಪ್ರಶ್ನೆಗಳಿಗೆಲ್ಲ ಒಂದೊಂದು ಉದ್ದೇಶವಿದೆ.

ಎಷ್ಟನೇ ವಯಸ್ಸಿಗೆ ಕಾಣಿಸಿತು? ಕಾಯಿಲೆ ಏರಿದ್ದು ಎಷ್ಟು ಬೇಗ? ಕೆಲವೇ ವಾರಗಳಲ್ಲಿ ಬಾಯಾರಿಕೆ, ಸುಸ್ತು ಬಂದು ತೂಕ ಇಳಿದು ಬಟ್ಟೆ ಸಡಿಲವಾಗಿದ್ದರೆ ಟೈಪ್ 1ರ ಕಡೆ ಯೋಚನೆ ಹೋಗುತ್ತದೆ. ಆಫೀಸಿನ ಆರೋಗ್ಯ ತಪಾಸಣೆಯಲ್ಲೋ, ಕನ್ನಡಕಕ್ಕೆಂದು ಹೋದಾಗಲೋ ಆಕಸ್ಮಿಕವಾಗಿ ಗೊತ್ತಾಗಿದ್ದರೆ ಟೈಪ್ 2ರ ಸಂಭವ ಹೆಚ್ಚು.

ಮನೆಯಲ್ಲಿ ಯಾರ್ಯಾರಿಗೆ ಇದೆ? ‘ಅಪ್ಪನಿಗೆ ಇತ್ತು’ ಎಂದಷ್ಟೇ ಹೇಳಿದರೆ ಸಾಲದು. ಅಪ್ಪನಿಗೆ ಎಷ್ಟನೇ ವಯಸ್ಸಿನಲ್ಲಿ ಬಂತು, ಆಗ ಅವರು ತೆಳ್ಳಗಿದ್ದರೇ ದಪ್ಪಗಿದ್ದರೇ, ಎಷ್ಟು ವರ್ಷ ಮಾತ್ರೆಯಲ್ಲೇ ನಡೆಯಿತು ಎಂಬುದೂ ಬೇಕು. ಮನೆಯಲ್ಲಿ ಥೈರಾಯ್ಡ್ ತೊಂದರೆ, ತೊನ್ನು ಇರುವವರಿದ್ದರೆ ಅದನ್ನೂ ಹೇಳಬೇಕು; ಟೈಪ್ 1ರಂತೆ ಇವೂ ನಿರೋಧಕ ವ್ಯವಸ್ಥೆ ದಾರಿ ತಪ್ಪಿದಾಗ ಬರುವಂಥವು, ಒಂದೇ ಕುಟುಂಬದಲ್ಲಿ ಒಟ್ಟಾಗಿ ಕಾಣಿಸಿಕೊಳ್ಳುತ್ತವೆ.

ಆಮೇಲೆ ಮೈ ನೋಡುವುದು. ಕತ್ತಿನ ಹಿಂಭಾಗ, ಕಂಕುಳಲ್ಲಿ ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗಾಗಿದೆಯೇ? ಎಷ್ಟೋ ತಾಯಂದಿರು ಇದನ್ನು ಕೊಳೆ ಎಂದೇ ತಿಳಿದು ಮಕ್ಕಳ ಕತ್ತನ್ನು ತಿಕ್ಕಿ ತಿಕ್ಕಿ ತೊಳೆಯುತ್ತಾರೆ. ಇದು ಕೊಳೆಯಲ್ಲ, ದೇಹ ಇನ್ಸುಲಿನ್ನಿಗೆ ಓಗೊಡುತ್ತಿಲ್ಲ ಎಂಬುದರ ಗುರುತು, ಟೈಪ್ 2ರ ಕಡೆ ಬೆರಳು ತೋರಿಸುವಂಥದು. ಸೊಂಟದ ಸುತ್ತಳತೆ, ರಕ್ತದೊತ್ತಡ, ಹೆಣ್ಣುಮಕ್ಕಳಲ್ಲಿ ಪಿಸಿಓಎಸ್ ಇವೆಲ್ಲ ಅದೇ ಸಾಲಿನವು.

ಮಕ್ಕಳ ವಿಷಯದಲ್ಲಿ ಕಾಯಬೇಡಿ

ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿದೆ, ಶಾಲೆಗೆ ಕೊಟ್ಟ ನೀರಿನ ಬಾಟಲಿ ಸಾಲುತ್ತಿಲ್ಲ, ಚೆನ್ನಾಗಿ ತಿಂದರೂ ಇಳಿದುಹೋಗಿದೆ, ಸದಾ ಸುಸ್ತು. ಈ ನಾಲ್ಕರಲ್ಲಿ ಎರಡು ಕಂಡರೂ ಅದೇ ದಿನ ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಬೇಕು. ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಎಂದು ಕಾಯುವಂತಿಲ್ಲ.

ಏಕೆಂದರೆ ಇನ್ಸುಲಿನ್ ಪೂರ್ತಿ ಇಲ್ಲವಾದಾಗ ದೇಹ ಕೊಬ್ಬನ್ನು ಕರಗಿಸಿ ನಡೆಯತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಇದೇ ಕೀಟೋಅಸಿಡೋಸಿಸ್. ವಾಂತಿ, ಹೊಟ್ಟೆನೋವು, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇದರ ಲಕ್ಷಣ. ಗ್ಯಾಸ್ಟ್ರಿಕ್, ಅಪೆಂಡಿಸೈಟಿಸ್, ನ್ಯುಮೋನಿಯ ಎಂದು ಬೇರೆ ದಾರಿ ಹಿಡಿದು ಅಮೂಲ್ಯವಾದ ಗಂಟೆಗಳು ಕಳೆದುಹೋಗುವುದು ಇಲ್ಲೇ. ಮೂತ್ರದಲ್ಲಿ ಕೀಟೋನ್ ನೋಡುವ ಸ್ಟ್ರಿಪ್ ಸಣ್ಣ ಊರಿನ ಔಷಧಿ ಅಂಗಡಿಯಲ್ಲೂ ಸಿಗುತ್ತದೆ.

ಹಾಗೆಂದು ಮಕ್ಕಳದೆಲ್ಲ ಟೈಪ್ 1 ಎನ್ನುವಂತಿಲ್ಲ. ಹದಿಹರೆಯದಲ್ಲಿ ಟೈಪ್ 2 ಬರುವುದು ಈಗ ಅಪರೂಪವೇನಲ್ಲ. ದಪ್ಪಗಿರುವ ಹುಡುಗನೊಬ್ಬ ಕೀಟೋಅಸಿಡೋಸಿಸ್‌ನಲ್ಲಿ ಆಸ್ಪತ್ರೆ ಸೇರಿ, ಕೆಲವು ತಿಂಗಳಲ್ಲಿ ಇನ್ಸುಲಿನ್ ಬಿಟ್ಟು ಮಾತ್ರೆಗೆ ಬರುವುದೂ ಉಂಟು. ಆದರೆ ಬಗೆ ಯಾವುದೆಂಬ ಚರ್ಚೆ ಆಮೇಲೆ. ಆ ಹೊತ್ತಿನಲ್ಲಿ ಇನ್ಸುಲಿನ್ ಮೊದಲು.

ಸಣ್ಣಗಿದ್ದಾರೆ ಎಂಬ ಸಾಕ್ಷಿ ನಮ್ಮಲ್ಲಿ ಸಾಲದು

ಪಾಶ್ಚಾತ್ಯ ಪಠ್ಯಪುಸ್ತಕದ ಟೈಪ್ 2 ರೋಗಿ ದಪ್ಪಗಿರುತ್ತಾನೆ. ನಮ್ಮಲ್ಲಿ ಹಾಗಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಒಂದು ಫೋಟೊ ಅಚ್ಚು ಹಾಕಿಸಿದರು. ಎತ್ತರ, ತೂಕ ಸೇರಿಸಿ ಲೆಕ್ಕ ಹಾಕುವ ಬಿಎಂಐ ಇಬ್ಬರದೂ 22.3. ಯುಡ್ಕಿನ್ ದೇಹದಲ್ಲಿದ್ದ ಕೊಬ್ಬು ಶೇ 9.1, ಯಾಜ್ಞಿಕರದು ಶೇ 21.2. ನೋಡಲು ಸಪೂರವಾಗಿದ್ದು ಒಳಗೆ ಕೊಬ್ಬು ತುಂಬಿಕೊಂಡಿರುವುದು ನಮ್ಮ ಜನರ ಮೈಕಟ್ಟು. ಅದಕ್ಕೇ ಭಾರತೀಯರಿಗೆ ಬಿಎಂಐ 23 ದಾಟಿದರೇ ಅಧಿಕ ತೂಕ ಎಂದು ಲೆಕ್ಕ, ಟೈಪ್ 2 ಬರುವುದೂ ಐರೋಪ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲು. ಮೂವತ್ತೈದರ, ಅರುವತ್ತು ಕಿಲೋದ ಗಂಡಸಿಗೆ ಶುಗರ್ ಬಂದರೆ ನಮ್ಮಲ್ಲಿ ಅದು ಟೈಪ್ 2 ಆಗಿರುವ ಸಾಧ್ಯತೆಯೇ ಹೆಚ್ಚು.

ಇದರ ಇನ್ನೊಂದು ಮುಖವೂ ಇದೆ. ಟೈಪ್ 1 ‘ಮಕ್ಕಳ ಕಾಯಿಲೆ’ ಎಂಬ ಮಾತು ಈಗ ನಿಲ್ಲುವುದಿಲ್ಲ. ನಲವತ್ತರಲ್ಲೂ ಐವತ್ತರಲ್ಲೂ ಅದು ಬರಬಲ್ಲದು. ದೊಡ್ಡವರಲ್ಲಿ ಕೆಲವೊಮ್ಮೆ ಅದು ನಿಧಾನವಾಗಿ ಬರುತ್ತದೆ. ಇದನ್ನು ‘ಲಾಡಾ’ ಎನ್ನುತ್ತಾರೆ. ಮೊದಲ ಆರು ತಿಂಗಳೋ, ಒಂದೆರಡು ವರ್ಷವೋ ಮಾತ್ರೆಯಲ್ಲೇ ನಡೆಯುವುದರಿಂದ ಟೈಪ್ 2 ಎಂದೇ ಕಾಣುತ್ತದೆ. ಆಮೇಲೆ ಯಾವ ಮಾತ್ರೆಗೂ ಬಗ್ಗುವುದಿಲ್ಲ.

ಉದಾಹರಣೆಗೆ, ಮೂವತ್ತೆಂಟರ ಒಬ್ಬ ಶಿಕ್ಷಕಿಯನ್ನು ಊಹಿಸಿಕೊಳ್ಳಿ. ತೂಕ ನಲವತ್ತೊಂಬತ್ತು ಕಿಲೋ, ಮನೆಯಲ್ಲಿ ಯಾರಿಗೂ ಶುಗರ್ ಇಲ್ಲ, ಥೈರಾಯ್ಡ್ ಮಾತ್ರೆ ನುಂಗುತ್ತಾರೆ. ಮೆಟ್ಫಾರ್ಮಿನ್ ಆಯಿತು, ಗ್ಲಿಮೆಪಿರೈಡ್ ಸೇರಿತು, ಮೂರನೆಯದೂ ಬಂತು. ಎಚ್‌ಬಿಎ1ಸಿ 9ರಿಂದ ಕೆಳಗಿಳಿಯುತ್ತಿಲ್ಲ, ತೂಕ ಇಳಿಯುತ್ತಲೇ ಇದೆ. ಮನೆಯವರೆಲ್ಲ ‘ಅನ್ನ ಬಿಡಮ್ಮ, ಬಾಯಿ ಕಟ್ಟಮ್ಮ’ ಎಂದು ಬೆನ್ನು ಬಿದ್ದಿದ್ದಾರೆ. ಇಲ್ಲಿ ದೋಷ ಅವರ ಊಟದ್ದಲ್ಲ. ಮಾತ್ರೆ ಸೋಲುತ್ತಿದ್ದರೆ, ಮೈ ಸಣ್ಣಗಿದ್ದರೆ, ಥೈರಾಯ್ಡ್‌ನಂಥ ಜೊತೆಗಾರ ಕಾಯಿಲೆ ಇದ್ದರೆ, ನಾಲ್ಕನೆಯ ಮಾತ್ರೆಗೆ ಮೊದಲು ಬಗೆಯನ್ನು ಮತ್ತೆ ಕೇಳಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಶುರುಮಾಡುವ ಮೊದಲಂತೂ ಕೇಳಲೇಬೇಕು. ಇನ್ಸುಲಿನ್ ಕೊರತೆ ಇರುವವರಲ್ಲಿ ಇವು ಸಕ್ಕರೆ ಹೆಚ್ಚು ಏರದೆಯೇ ಕೀಟೋಅಸಿಡೋಸಿಸ್ ತರಬಲ್ಲವು. ಗ್ಲುಕೋಮೀಟರ್ ನೋಡಿ ‘ಪರವಾಗಿಲ್ಲ’ ಅಂದುಕೊಂಡು ಮೋಸಹೋಗುವುದು ಆಗಲೇ.

ಬಗೆ ಹಿಡಿಯುವ ಎರಡು ಪರೀಕ್ಷೆ

ಮೊದಲನೆಯದು ಪ್ರತಿಕಾಯ ಪರೀಕ್ಷೆ. ಬೀಟಾ ಕೋಶಗಳ ಮೇಲೆ ದಾಳಿ ನಡೆದಿದ್ದರೆ ಅದರ ಜಾಡು ರಕ್ತದಲ್ಲಿ ಉಳಿದಿರುತ್ತದೆ. ಮೊದಲು ನೋಡುವುದು ಜಿಎಡಿ65. ಅದು ನೆಗೆಟಿವ್ ಬಂದು ಅನುಮಾನ ಉಳಿದರೆ ಐಎ-2, ಝಡ್‌ಎನ್‌ಟಿ8 ನೋಡುತ್ತಾರೆ. ಪಾಸಿಟಿವ್ ಬಂದರೆ, ಲಕ್ಷಣವೂ ಹೊಂದುತ್ತಿದ್ದರೆ, ಟೈಪ್ 1 ಎಂಬುದು ಬಹುತೇಕ ಖಚಿತ. ನೆಗೆಟಿವ್ ಬಂದ ಮಾತ್ರಕ್ಕೆ ಟೈಪ್ 1 ಅಲ್ಲವೇ ಅಲ್ಲ ಎನ್ನಲಾಗದು; ಟೈಪ್ 1 ಇರುವ ದೊಡ್ಡವರಲ್ಲಿ ಶೇ 5ರಿಂದ 10 ಮಂದಿಗೆ ಯಾವ ಪ್ರತಿಕಾಯವೂ ಸಿಗುವುದಿಲ್ಲ. ಟೈಪ್ 2ರ ಲಕ್ಷಣ ಎದ್ದು ಕಾಣುವವರೆಲ್ಲ ಈ ಪರೀಕ್ಷೆಗೆ ದುಡ್ಡು ಸುರಿಯಬೇಕಾಗಿಲ್ಲ.

ಎರಡನೆಯದು ಸಿ-ಪೆಪ್ಟೈಡ್. ಬೀಟಾ ಕೋಶದಲ್ಲಿ ಮೊದಲು ತಯಾರಾಗುವುದು ಒಂದು ಉದ್ದನೆಯ ಪ್ರೋಟೀನು. ಅದು ತುಂಡಾದಾಗ ಒಂದು ಭಾಗ ಇನ್ಸುಲಿನ್, ಇನ್ನೊಂದು ಭಾಗ ಸಿ-ಪೆಪ್ಟೈಡ್. ಎರಡೂ ಸಮಸಮ ಹೊರಬರುತ್ತವೆ. ಹಿತ್ತಲಲ್ಲಿ ಬಿದ್ದ ಚಿಪ್ಪು ಎಣಿಸಿದರೆ ಅಡುಗೆಮನೆಯಲ್ಲಿ ಎಷ್ಟು ತೆಂಗಿನಕಾಯಿ ಒಡೆದರೆಂದು ತಿಳಿಯುವಂತೆ, ಸಿ-ಪೆಪ್ಟೈಡ್ ಎಷ್ಟಿದೆ ಎಂದು ನೋಡಿದರೆ ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ತಿಳಿಯುತ್ತದೆ. ಅಂಗಡಿಯಿಂದ ತಂದ ತುರಿಗೆ ಚಿಪ್ಪಿಲ್ಲ. ಚುಚ್ಚಿಕೊಂಡ ಇನ್ಸುಲಿನ್ನಿನ ಜೊತೆ ಸಿ-ಪೆಪ್ಟೈಡ್ ಬರುವುದಿಲ್ಲ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಲ್ಲೂ ಈ ಪರೀಕ್ಷೆ ನಡೆಯುತ್ತದೆ.

ಲೀಟರಿಗೆ 200 ಪಿಕೊಮೋಲ್‌ಗಿಂತ ಕಡಿಮೆಯಿದ್ದರೆ (ನಮ್ಮ ಹಲವು ಲ್ಯಾಬ್‌ಗಳ ವರದಿಯಲ್ಲಿ ಮಿಲಿಲೀಟರಿಗೆ 0.6 ನ್ಯಾನೊಗ್ರಾಂ) ಇನ್ಸುಲಿನ್ ಬಹುತೇಕ ಬತ್ತಿದೆ ಎಂದರ್ಥ, ಟೈಪ್ 1ರ ಸಂಭವ ಹೆಚ್ಚು. 600ಕ್ಕಿಂತ (1.8 ನ್ಯಾನೊಗ್ರಾಂ) ಹೆಚ್ಚಿದ್ದರೆ ಟೈಪ್ 2ರ ಕಡೆ ವಾಲುತ್ತದೆ. ನಡುವೆ ಇದ್ದರೆ ಬೇರೆ ಸುಳಿವು ಹುಡುಕಬೇಕು. ಇದರಲ್ಲಿ ಮೂರು ಎಚ್ಚರಿಕೆ: ಅದೇ ಹೊತ್ತಿನ ರಕ್ತದಲ್ಲಿ ಸಕ್ಕರೆಯನ್ನೂ ನೋಡಬೇಕು, ಸಕ್ಕರೆ ಇಳಿದಿದ್ದಾಗ ಸಿ-ಪೆಪ್ಟೈಡ್ ಸಹಜವಾಗಿಯೇ ಕಡಿಮೆ. ಸಕ್ಕರೆ 400, 500 ಏರಿ ಆಸ್ಪತ್ರೆಯಲ್ಲಿರುವಾಗ ಮಾಡಿಸಬಾರದು. ಆಗ ಬೀಟಾ ಕೋಶಗಳು ತಾತ್ಕಾಲಿಕವಾಗಿ ಮಂಕಾಗಿರುತ್ತವೆ. ಕಿಡ್ನಿ ಸೋತಿದ್ದರೆ ಅದು ಹೊರಹೋಗದೆ ಅಂಕಿ ಸುಳ್ಳೇ ಹೆಚ್ಚು ತೋರುತ್ತದೆ.

ಎಚ್‌ಬಿಎ1ಸಿಗೂ ಒಂದು ಮಿತಿಯಿದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೂ ಅಂಕಿ ನಂಬುವಂತಿರುವುದಿಲ್ಲ. ಅಂಥವರಲ್ಲಿ ನೇರವಾಗಿ ಸಕ್ಕರೆ ಅಳೆದೇ ತೀರ್ಮಾನಿಸಬೇಕು.

ವಂಶವಾಹಿಯ ಒಂದೇ ತಪ್ಪು

ತಾತ, ತಂದೆ, ಮಗ, ಮೂರು ತಲೆಮಾರಿಗೂ ಇಪ್ಪತ್ತೈದರ ಆಸುಪಾಸಿನಲ್ಲೇ ಶುಗರ್. ಯಾರೂ ದಪ್ಪಗಿಲ್ಲ, ಕತ್ತಿನಲ್ಲಿ ಕಪ್ಪಿಲ್ಲ, ಪ್ರತಿಕಾಯ ನೆಗೆಟಿವ್, ಸಿ-ಪೆಪ್ಟೈಡ್ ಚೆನ್ನಾಗಿದೆ. ಇಷ್ಟು ಸೇರಿದರೆ ‘ಮೋಡಿ’ ಎಂಬ ಬಗೆಯನ್ನು ನೆನೆಯಬೇಕು. ಒಂದೇ ಒಂದು ವಂಶವಾಹಿಯ ದೋಷದಿಂದ ಬರುವ ಇದು ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಹೆಸರು ಹಿಡಿದರೆ ಲಾಭ ದೊಡ್ಡದು. ಎಚ್‌ಎನ್‌ಎಫ್1ಎ ವಂಶವಾಹಿಯ ದೋಷವಾದರೆ ಗ್ಲಿಕ್ಲಜೈಡ್‌ನಂಥ ಹಳೆಯ, ಅಗ್ಗದ ಮಾತ್ರೆ ಸಣ್ಣ ಪ್ರಮಾಣದಲ್ಲೇ ಅದ್ಭುತವಾಗಿ ಕೆಲಸ ಮಾಡುತ್ತದೆ. ಟೈಪ್ 1 ಎಂದುಕೊಂಡು ವರ್ಷಗಟ್ಟಲೆ ಚುಚ್ಚಿಕೊಂಡವರೂ ಇನ್ಸುಲಿನ್ ಬಿಟ್ಟಿದ್ದಾರೆ. ಜಿಸಿಕೆ ವಂಶವಾಹಿಯದಾದರೆ ಹುಟ್ಟಿನಿಂದಲೇ ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 145ರ ಆಸುಪಾಸಿನಲ್ಲಿ ನಿಂತಿರುತ್ತದೆ, ಏರುವುದೂ ಇಲ್ಲ; ಗರ್ಭಿಣಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಮದ್ದೇ ಬೇಡ. ಆರು ತಿಂಗಳೊಳಗಿನ ಕೂಸಿಗೆ ಮಧುಮೇಹ ಬಂದರೆ ಅದು ಟೈಪ್ 1 ಆಗಿರುವುದು ತೀರಾ ವಿರಳ. ವಂಶವಾಹಿ ಪರೀಕ್ಷೆ ಕಡ್ಡಾಯ. ಕೆಸಿಎನ್‌ಜೆ11 ದೋಷದಿಂದ ಹೀಗಾಗುತ್ತದೆಂದು 2004ರಲ್ಲಿ ಪತ್ತೆಯಾದ ಮೇಲೆ ಎಷ್ಟೋ ಕೂಸುಗಳು ಸೂಜಿಯಿಂದ ಮಾತ್ರೆಗೆ ಬಂದಿವೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಈ ಪರೀಕ್ಷೆಗಳಲ್ಲಿ ನಮ್ಮ ಕಡೆಯ ಹಳೆಯ ಕೇಂದ್ರ.

ನಮ್ಮಲ್ಲಿ ಟೈಪ್ 2 ಕೂಡ ಮನೆಮಂದಿಗೆಲ್ಲ ಇರುವುದುಂಟು. ಹಾಗಾಗಿ ಮೂರು ತಲೆಮಾರು ಎಂಬುದೊಂದೇ ಮೋಡಿಗೆ ಸಾಕ್ಷಿಯಲ್ಲ. ಚಿಕ್ಕ ವಯಸ್ಸು, ಸಣ್ಣ ಮೈ, ಇನ್ಸುಲಿನ್ ಉಳಿಕೆ ಮೂರೂ ಒಟ್ಟಿಗೆ ಕೂಡಬೇಕು.

ಗ್ರಂಥಿಯೇ ಹಾಳಾದಾಗ

ಶುಗರ್ ಜೊತೆ ಬೆನ್ನಿಗೆ ಹಾಯುವ ಹೊಟ್ಟೆನೋವು, ಎಣ್ಣೆಯಂತೆ ತೇಲುವ ಮಲ, ಇಳಿಯುವ ತೂಕ ಇದ್ದರೆ ಮೇದೋಜೀರಕ ಗ್ರಂಥಿಯನ್ನೇ ನೋಡಬೇಕು. ಕುಡಿತದಿಂದ ಗ್ರಂಥಿ ಊದಿ ಹಾಳಾಗುವುದು ಒಂದು ಕಾರಣ. ಕುಡಿಯದ ಯುವಕ ಯುವತಿಯರಲ್ಲೂ ಗ್ರಂಥಿಯೊಳಗೆ ಕಲ್ಲು ಕಟ್ಟಿ ಮಧುಮೇಹ ಬರುತ್ತದೆ. ಕೇರಳದಲ್ಲಿ ಇದನ್ನು ವೈದ್ಯರು ದಶಕಗಳಿಂದ ಬಲ್ಲರು. ಮರಗೆಣಸೇ ಕಾರಣವೆಂಬ ಗುಮಾನಿ ಬಹುಕಾಲ ಇತ್ತು, ಸಾಬೀತಾಗಲಿಲ್ಲ. ಹೊಟ್ಟೆಯ ಒಂದು ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಕಾಣುತ್ತದೆ. ಇವರಿಗೆ ಇನ್ಸುಲಿನ್ ಬೇಕಾಗುವುದೇ ಹೆಚ್ಚು, ಆದರೆ ಕೀಟೋಅಸಿಡೋಸಿಸ್ ಅಪರೂಪ. ಐವತ್ತು ದಾಟಿದ ಮೇಲೆ ಹೊಸದಾಗಿ ಶುಗರ್ ಬಂದು ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಗ್ರಂಥಿಯ ಕ್ಯಾನ್ಸರ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು.

ಬಾಲ್ಯದಿಂದ ಅರೆಹೊಟ್ಟೆ ಉಂಡು ಬೆಳೆದವರಲ್ಲಿ ಕಾಣುವ ಮಧುಮೇಹದ ಕತೆ ಬೇರೆ. 1955ರಲ್ಲಿ ಜಮೈಕಾದಿಂದ ವರದಿಯಾದ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ, 1999ರಲ್ಲಿ ಕೈಬಿಟ್ಟಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ನ್ಯೂಯಾರ್ಕಿನ ಸಂಶೋಧಕರು 2022ರಲ್ಲಿ ಇದು ಟೈಪ್ 1, ಟೈಪ್ 2 ಎರಡೂ ಅಲ್ಲ ಎಂದು ತೋರಿಸಿದರು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2025ರಲ್ಲಿ ಬ್ಯಾಂಕಾಕ್ ಸಮ್ಮೇಳನದಲ್ಲಿ ಇದಕ್ಕೆ ‘ಟೈಪ್ 5’ ಎಂದು ಮಾನ್ಯತೆ ಕೊಟ್ಟಿದೆ. ತಜ್ಞರಲ್ಲಿ ಚರ್ಚೆ ಇನ್ನೂ ನಡೆದಿದೆ. ತೀರಾ ಬಡಕಲಾದ ಇಂಥ ಯುವಕರಿಗೆ ‘ಊಟ ಕಡಿಮೆ ಮಾಡಿ’ ಎಂಬ ಎಂದಿನ ಸಲಹೆ ಕೊಟ್ಟರೆ ಕೇಡೇ ಆದೀತು.

ಗರ್ಭಿಣಿಯರಲ್ಲಿ, ಔಷಧಿಯಿಂದ

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಗರ್ಭಿಣಿಗೆ ಮೊದಲ ಭೇಟಿಯಲ್ಲಿ, ಮತ್ತೆ 24ರಿಂದ 28ನೇ ವಾರದಲ್ಲಿ, ಊಟವಾಗಿರಲಿ ಬಿಡಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುತ್ತಾರೆ. 140 ಮುಟ್ಟಿದರೆ ಗರ್ಭಕಾಲದ ಮಧುಮೇಹ. ಮೊದಲ ತಿಂಗಳುಗಳಲ್ಲೇ ಫಾಸ್ಟಿಂಗ್ 126 ದಾಟಿದ್ದರೆ ಅದು ಬಸಿರಿನಿಂದ ಬಂದದ್ದಲ್ಲ, ಮೊದಲೇ ಇದ್ದದ್ದು. ಹೆರಿಗೆಯಾದ ಆರು ವಾರಕ್ಕೆ ಮತ್ತೆ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು. ಬಾಣಂತನದ ಗಡಿಬಿಡಿಯಲ್ಲಿ ಬಿಟ್ಟುಹೋಗುವುದು ಇದೇ.

ಆಸ್ತಮಾಕ್ಕೋ, ಕೀಲುನೋವಿಗೋ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಬೆಳಿಗ್ಗೆಯ ಸಕ್ಕರೆ ಹೆಚ್ಚುಕಡಿಮೆ ಸರಿಯಿದ್ದು, ಮಧ್ಯಾಹ್ನದ ಮೇಲೆ ಏರುತ್ತದೆ. ಫಾಸ್ಟಿಂಗ್ ಮಾತ್ರ ನೋಡಿದರೆ ಇದು ಕಣ್ತಪ್ಪುತ್ತದೆ. ನೋವಿಗೆಂದು ಎಲ್ಲಿಯೋ ಕೊಟ್ಟ ಪುಡಿ, ಚೂರ್ಣ ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಿ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

ನೀವು ಮಾಡಬೇಕಾದ್ದು

ಕೆಳಗಿನ ಯಾವುದಾದರೂ ನಿಮಗೆ ಅನ್ವಯಿಸಿದರೆ ‘ನನ್ನದು ಯಾವ ಬಗೆ ಡಾಕ್ಟ್ರೇ, ಯಾವ ಆಧಾರದ ಮೇಲೆ?’ ಎಂದು ಸಂಕೋಚವಿಲ್ಲದೆ ಕೇಳಿ:

• ಮೂವತ್ತೈದರೊಳಗೆ ಶುಗರ್ ಬಂದಿದೆ.
• ತೆಳ್ಳಗಿದ್ದೀರಿ, ತೂಕ ಇಳಿಯುತ್ತಲೇ ಇದೆ.
• ಒಮ್ಮೆಯಾದರೂ ಕೀಟೋನ್ ಕಾಣಿಸಿಕೊಂಡಿದೆ.
• ಎರಡು ಮೂರು ಮಾತ್ರೆಗಳ ಮೇಲೂ ಸಕ್ಕರೆ ಹತೋಟಿಗೆ ಬಂದಿಲ್ಲ.
• ಟೈಪ್ 1 ಎಂದಿದ್ದಾರೆ, ಆದರೆ ವರ್ಷಗಳಾದರೂ ತೀರಾ ಕಡಿಮೆ ಇನ್ಸುಲಿನ್ನಿನಲ್ಲೇ ನಡೆಯುತ್ತಿದೆ.
• ಪದೇ ಪದೇ ಹೊಟ್ಟೆನೋವು, ಎಣ್ಣೆಯಂಥ ಮಲ.
• ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದೆ.

ಹೋಗುವಾಗ ಮೊದಲ ವರದಿ, ಆಗಿನ ತೂಕ, ಈವರೆಗಿನ ಔಷಧಿಗಳ ಪಟ್ಟಿ, ಮನೆಯವರ ವಯಸ್ಸಿನ ವಿವರ ಒಯ್ಯಿರಿ. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಎಂಡೋಕ್ರಿನಾಲಜಿ ಸಂಶೋಧನಾ ಸಂಸ್ಥೆ ಇದೆ. ಇತರೆಡೆ ಎಂಡೋಕ್ರಿನಾಲಜಿಸ್ಟ್ ಸಿಗದಿದ್ದರೆ ವೈದ್ಯಕೀಯ ಕಾಲೇಜಿನ ಮೆಡಿಸಿನ್ ವಿಭಾಗದಲ್ಲಿ ತೋರಿಸಬಹುದು. ಇಲ್ಲಿ ಓದಿದ್ದನ್ನು ನಂಬಿ ಇನ್ಸುಲಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ನಿಜಕ್ಕೂ ಟೈಪ್ 1 ಆಗಿದ್ದರೆ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬಂದೀತು.

ಒಂದೇ ಭೇಟಿಯಲ್ಲಿ ಬಗೆ ತೀರ್ಮಾನವಾಗದೆಯೂ ಇರಬಹುದು. ಕೆಲವರಲ್ಲಿ ವರ್ಷವೆರಡು ವರ್ಷದ ನಡೆ ನೋಡಿದ ಮೇಲೆಯೇ ಅದು ಸ್ಪಷ್ಟವಾಗುವುದು. ಅಲ್ಲಿಯವರೆಗೆ ಫೈಲಿನ ಮೊದಲ ಪುಟದಲ್ಲಿ ಬಗೆಯ ಹೆಸರಿನ ಪಕ್ಕ ‘ಅಂದಾಜು’ ಅಥವಾ ‘ಪರೀಕ್ಷೆಯಿಂದ ಖಚಿತ’ ಎಂದು ವೈದ್ಯರಿಂದ ಬರೆಸಿಕೊಳ್ಳಿ. ಮುಂದೆ ಊರು ಬದಲಾಗಿ ಹೊಸ ವೈದ್ಯರ ಬಳಿ ಹೋದಾಗ ಅವರು ಎಲ್ಲಿಂದ ಶುರುಮಾಡಬೇಕೆಂದು ಆ ಒಂದು ಮಾತೇ ಹೇಳುತ್ತದೆ.